ಪಂಪಣ್ಣನ ಜೋಡಿ ದೀಪಕ್ಕೆ ಶೇಡು

ಆ ಸಂಜೆ ಊಟದ ಮೇಜಿನ ಸುತ್ತ ಕೂತಿದ್ದ ಐದು ಜನರೂ ಕಣ್ಣು ಕಿರಿದು ಮಾಡಿಕೊಂಡು, ಮುಖ ಗಂಟಿಕ್ಕಿಕೊಂಡು ಮಾತಾಡುತ್ತಿದ್ದರು. ಯಾರಾದರೂ ಕಿಟಕಿಯಿಂದ ಇಣುಕಿದ್ದರೆ ಮದುವೆ ಮಾತು ಮುರಿದುಬಿತ್ತು ಅಂತಲೇ ತಿಳಿಯುತ್ತಿದ್ದರು. ಹಾಗೇನೂ ಆಗಿರಲಿಲ್ಲ. ಮಾತುಕತೆ ಸಕ್ಕರೆಯಷ್ಟು ಸವಿಯಾಗಿಯೇ ನಡೆದಿತ್ತು. ತೊಂದರೆಯೆಲ್ಲ ಮೇಜಿನ ನಡುವೆ ಉರಿಯುತ್ತಿದ್ದ ಎರಡು ಗ್ಯಾಸ್‌ಲೈಟುಗಳದು.

ಹೆಸರು ಗ್ಯಾಸ್‌ಲೈಟು, ಒಳಗಿರುವುದು ಸೀಮೆಎಣ್ಣೆ. ಹಿತ್ತಾಳೆಯ ದುಂಡು ಹೊಟ್ಟೆಗೆ ಎಣ್ಣೆ ತುಂಬಿ, ಪಂಪು ಹೊಡೆದು ಗಾಳಿ ಕಟ್ಟಿದರೆ, ಮೇಲಿರುವ ಬಲೆಯಂಥ ಪುಟ್ಟ ಮ್ಯಾಂಟಲ್ ಬೆಳ್ಳಗೆ ಕಾದು, ಸುಯ್ ಅನ್ನುತ್ತ ಮನೆಯಿಡೀ ಹಗಲು ಮಾಡಿಬಿಡುತ್ತದೆ. ಇವೆರಡು ಮೇಜಿನ ಮೇಲಿಡುವ ಹಳೇ ಕಾಲದವು. ಎತ್ತರದ ಕಾಲು, ಸಣ್ಣ ಸೊಂಟ, ಮೇಲೆ ಶೇಡು ಕೂರಿಸಲು ಊಟದ ತಟ್ಟೆಯಷ್ಟಗಲದ ಒಂದು ಹಿತ್ತಾಳೆ ಬಳೆ. ಬಳೆಗಳಿದ್ದವು, ಶೇಡುಗಳಿರಲಿಲ್ಲ. ಒಂದು ಮನೆ ಬದಲಿಸುವಾಗ ಒಡೆದಿತ್ತು, ಇನ್ನೊಂದನ್ನು ಪಕ್ಕದ ಮನೆಯ ಬೆಕ್ಕು ಒಡೆದಿತ್ತು. ಬೆತ್ತಲೆ ಗ್ಯಾಸ್‌ಲೈಟನ್ನು ಕಣ್ಣೆದುರಿಗಿಟ್ಟುಕೊಂಡು ಊಟ ಮಾಡುವುದೂ ಒಂದೇ, ಸೂರ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುವುದೂ ಒಂದೇ.

ಹುಡುಗನ ಪಕ್ಕ ಕೂತಿದ್ದ ಅವನ ಅಪ್ಪ ಹಣೆಗೆ ಕೈ ಅಡ್ಡ ಹಿಡಿದು, ದೂರದ ಹಡಗು ಹುಡುಕುವವರ ಹಾಗೆ ಮೇಜಿನಾಚೆ ನೋಡಿದರು. "ಬೀಗರೇ, ಇದ್ದೀರಾ?"

"ಇದ್ದೀನಿ," ಅಂತ ಬೆಳಕಿನ ಆಚೆಯಿಂದ ಒಂದು ಸಣ್ಣ ದನಿ ಬಂತು.

ಆ ಸಣ್ಣ ದನಿಯವನು ಹುಡುಗಿಯ ಅಪ್ಪ. ಊರಿಗೆಲ್ಲ ಪಂಪಣ್ಣ. ಪಂಪ್ ಸ್ಟೌವು, ಪಂಪ್ ದೀಪ, ಗಾಳಿ ಕಟ್ಟಿ ಉರಿಯುವ ಯಾವುದೇ ಇರಲಿ, ಅವನ ಕೈಗೆ ಹೋದರೆ ಬದುಕಿ ಬರುತ್ತಿತ್ತು. ಆಮೇಲೆ ಊರು ಕರೆಂಟಿಗೆ ತಿರುಗಿತು. ದೀಪ ತರುವವರು ಕಮ್ಮಿಯಾದರು, ಕೊನೆಗೆ ಯಾರೂ ಬರದಾದರು. ಮನೆಯ ಮುಂಗಡೆ ಕೋಣೆಯೇ ಅವನ ಅಂಗಡಿ. ಒಂದು ಬೆಳಗ್ಗೆ ಅದರ ಷಟರ್ ಎಳೆದವನು ಮತ್ತೆ ಎತ್ತಲಿಲ್ಲ. ಷಟರಿನ ಜೊತೆ ಬಾಯಿಯನ್ನೂ ಎಳೆದುಕೊಂಡ. ಅಂದಿನಿಂದ ಏನು ಕೇಳಿದರೂ ಒಂದೇ ಉತ್ತರ: "ಆಗಲಿ." ಬಿಸಿನೀರು ಕಾಯಿಸಲಾ? ಆಗಲಿ. ತಣ್ಣೀರೇ ಸಾಕಾ? ಆಗಲಿ.

ಈ "ಆಗಲಿ" ಕೇಳಿ ಕೇಳಿ ಅವನ ಅಕ್ಕನಿಗೆ ತಲೆ ಚಿಟ್ಟು ಹಿಡಿದಿತ್ತು. ಅಕ್ಕ ಹೆಣ್ಣುಮಕ್ಕಳಿಗೆ ಕಸೂತಿ ಹೇಳಿಕೊಡುವವರು, ಎಲ್ಲರ ಬಾಯಲ್ಲೂ ಕಸೂತಿ ಟೀಚರು. ತಮ್ಮನ ಹೆಂಡತಿ ಹೋದಾಗ ಮಗು ಇನ್ನೂ ತೊದಲುತ್ತಿತ್ತು. ಟೀಚರು ತಮ್ಮ ಸೂಜಿ ದಾರ ಕಟ್ಟಿಕೊಂಡು ಬಂದವರು ಇಲ್ಲೇ ನಿಂತರು. ಆ ಮಗುವಿಗೆ ಈಗ ಮದುವೆ. ರಿಜಿಸ್ಟರ್ ಆಫೀಸಿನಲ್ಲಿ ಸಹಿ, ಆಮೇಲೆ ಹತ್ತಿರದವರಿಗೆ ಒಂದು ಊಟ, ಅಷ್ಟೇ. ಹುಡುಗಿ ಕೇಳಿದ್ದು ಒಂದೇ ಒಂದು. ಊಟ ಇದೇ ಮನೆಯಲ್ಲಿ, ಇದೇ ಮೇಜಿನ ಮೇಲೆ, ಅಪ್ಪನ ಜೋಡಿ ದೀಪದ ಬೆಳಕಲ್ಲಿ ಆಗಬೇಕು.

ಬೀಗರು ಎಂಥವರು ಅಂತ ಹೇಳಬೇಕಲ್ಲ. ಪೇಟೆಯ ದೊಡ್ಡ ಎಲೆಕ್ಟ್ರಿಕ್ ಅಂಗಡಿ ಅವರದೇ. ಮುಂಬಾಗಿಲಿಂದ ಹಿಂಬಾಗಿಲವರೆಗೆ ತೂಗುದೀಪ, ಗೋಡೆದೀಪ, ಬಣ್ಣ ಬದಲಿಸುವ ದೀಪ. ಜನ ಹಿಂದುಗಡೆಯಿಂದ ಅವರನ್ನು ಝಗಮಗ ಅನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು, ಖುಷಿಯೂ ಆಗಿತ್ತು. ಕೆಟ್ಟ ಮನುಷ್ಯರಲ್ಲ. ಹೃದಯ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು.

"ನೋಡಿ ಬೀಗರೇ," ಅಂದರು ಅವರು ಕಣ್ಣುಜ್ಜಿಕೊಳ್ಳುತ್ತ, "ಬೇಜಾರು ಮಾಡ್ಕೋಬೇಡಿ. ಈ ಬೆಳಕಲ್ಲಿ ಊಟ ಮಾಡಿದ್ರೆ ತುತ್ತು ಬಾಯಿಗೆ ಹೋಗಲ್ಲ, ಕಿವಿಗೆ ಹೋಗುತ್ತೆ. ನಮ್ಮ ಅಂಗಡಿ ಮಹಡಿ ಮೇಲೆ ಹಾಲ್ ಇದೆ. ಹೊಸ ತೂಗುದೀಪ ಹಾಕ್ಸಿದ್ದೀನಿ, ನೂರೆಂಟು ಬಲ್ಬು. ಅಲ್ಲೇ ಮಾಡಿಬಿಡೋಣ. ನೀವು ಒಂದು ಕುರ್ಚೀಲಿ ಆರಾಮಾಗಿ ಕೂತಿದ್ರೆ ಸಾಕು, ಮಿಕ್ಕಿದ್ದು ನನಗೆ ಬಿಡಿ."

"ಆಗಲಿ," ಅಂದ ಪಂಪಣ್ಣ.

ಮಗಳ ಮದುವೆ ಊಟದಲ್ಲಿ, ಯಾರದೋ ಮಹಡಿಯಲ್ಲಿ, ನೂರೆಂಟು ಬಲ್ಬುಗಳ ಕೆಳಗೆ ಒಂದು ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂತ ತಮ್ಮ ಟೀಚರ ಕಣ್ಮುಂದೆ ಬಂದ. ಒಂದು ಸಲ ಹಾಗೆ ಕೂತನೆಂದರೆ ಇವನು ಮತ್ತೆ ಏಳುವವನಲ್ಲ ಅಂತ ಅವರಿಗೆ ಖಂಡಿತವಾಗಿ ಅನಿಸಿತು. ಮೇಜಿನ ಕೆಳಗೆ ಹುಡುಗಿಯ ಕೈ ಬಂದು ಅವರ ಕೈ ಹಿಡಿಯಿತು.

"ಊಟ ಇಲ್ಲೇ," ಅಂದರು ಟೀಚರು. "ದೀಪಕ್ಕೆ ಶೇಡಿಲ್ಲ ಅನ್ನೋದು ತಾನೇ ತಕರಾರು? ಶೇಡು ನಾನು ತರ್ತೀನಿ."

"ಅಕ್ಕಾವರೇ, ಈ ಕಾಲದಲ್ಲಿ ಅದಕ್ಕೆ ಶೇಡು ಎಲ್ಲಿ ಸಿಗುತ್ತೆ?"

"ಸಿಗುತ್ತೆ."

ಬೀಗರು ನಕ್ಕರು. ಊಟದ ಹಿಂದಿನ ದಿನ ಬಂದು ನೋಡುತ್ತೇನೆ, ಕಣ್ಣಿಗೆ ಹಿತವಾಗಿದ್ದರೆ ಇಲ್ಲೇ, ಇಲ್ಲವಾದರೆ ಹಾಲಿನಲ್ಲಿ ಅಂತ ಮಾತಾಯಿತು. ಅವರು ಹೋದ ಮೇಲೆ ಟೀಚರು ಬಾಗಿಲು ಹಾಕಿ, ಅದಕ್ಕೇ ಒರಗಿ ನಿಂತು, ಸಿಗುತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳಿದೆ ಅಂತ ತಮ್ಮನ್ನೇ ಬೈದುಕೊಂಡರು.

ಮರುದಿನದಿಂದ ಮನೆಯಲ್ಲಿ ದೀಪಕ್ಕೆ ಟೋಪಿ ಹೊಲಿಸುವ ಕಾರ್ಯಕ್ರಮ ಶುರುವಾಯಿತು. ಮೊದಲು ತರಕಾರಿ ತೊಳೆಯುವ ತೂತಿನ ಬೋಗುಣಿ ಬೋರಲು ಹಾಕಿ ನೋಡಿದರು. ಗೋಡೆ ಮೇಲೆಲ್ಲ ಬೆಳಕಿನ ಚುಕ್ಕೆ ಕುಣಿದು, ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ದಪ್ಪ ರಟ್ಟಿನ ಕೊಳವೆ ಮಾಡಿದರು, ಅದು ಅಂಚಿನಲ್ಲಿ ಕಂದಿ ಹೊಗೆಯಾಡಿತು. ಟೀಚರು ಒಂದೊಂದಾಗಿ ಕಲಿತುಕೊಂಡರು. ಈ ದೀಪದ ಕಾವು ಮಾಮೂಲಿ ಕಾವಲ್ಲ. ನೇರವಾಗಿ ಮೇಲಕ್ಕೇಳುತ್ತದೆ. ಶೇಡಿನ ಮೇಲ್ಬಾಯಿ ಅಗಲವಾಗಿಲ್ಲದಿದ್ದರೆ ಗಾಜಾದರೆ ಸೀಳುತ್ತದೆ, ಬಟ್ಟೆಯಾದರೆ ಸುಡುತ್ತದೆ. ಮುಷ್ಟಿ ಸಲೀಸಾಗಿ ಒಳಗೆ ಹೋಗಿ ಬರಬೇಕು, ಅದು ಲೆಕ್ಕ.

ಇಷ್ಟು ಕಲಿಯುವಷ್ಟರಲ್ಲಿ ಬೀಗರ ಕಡೆಯಿಂದ ಒಂದು ದೊಡ್ಡ ಪೆಟ್ಟಿಗೆ ಬಂತು. ಹೊತ್ತು ತಂದವರು ಬೀಗರೇ. ಬಿಚ್ಚಿದರೆ ಒಳಗೆ ಎರಡು ರೇಷ್ಮೆ ಶೇಡು. ಗುಲಾಬಿ ಬಣ್ಣ, ಸುತ್ತ ಕುಚ್ಚು, ಮೇಲೆ ಹೆಬ್ಬೆರಳು ತೂರುವಷ್ಟು ತೂತು.

"ನನ್ನ ಕಡೆಯಿಂದ ಕಾಣಿಕೆ ಅಂದ್ಕೊಳ್ಳಿ," ಅಂದರು ಬೀಗರು. "ನಮ್ಮ ಅಂಗಡೀಲಿ ಇದಕ್ಕಿಂತ ಮೇಲಿನದಿಲ್ಲ. ಹಾಕಿ ನೋಡೋಣ."

ಟೀಚರು ಇಕ್ಕಟ್ಟಿಗೆ ಸಿಕ್ಕಿದರು. ಬೇಡ ಅಂದರೆ ಬೀಗರ ಮನಸ್ಸಿಗೆ ನೋವು, ಹಾಕಿದರೆ ರೇಷ್ಮೆಗೆ ಬೆಂಕಿ. ಹುಡುಗಿ ಸೇರುವ ಮನೆಯವರು ತಂದ ಮೊದಲ ಉಡುಗೊರೆಯನ್ನು ಸುಡುತ್ತೆ ಅಂತ ಹೇಳುವುದಾದರೂ ಹೇಗೆ? ತಮ್ಮ ಆಗಲಿ ಅಂದ. ದೀಪ ಹಚ್ಚಿದ. ಬೀಗರು ತಾವೇ ಗುಲಾಬಿ ಶೇಡನ್ನು ಬಳೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಿಂತರು. ನಿಜ ಹೇಳಬೇಕೆಂದರೆ ಒಂದು ಗಳಿಗೆ ಬಹಳ ಚೆನ್ನಾಗಿತ್ತು. ಕೋಣೆಯೆಲ್ಲ ಗುಲಾಬಿಯಾಗಿ, ಎಲ್ಲರ ಕೆನ್ನೆಯೂ ಗುಲಾಬಿಯಾಗಿ, ಟೀಚರಿಗೇ ಆಸೆ ಹುಟ್ಟಿತು.

ಆಮೇಲೆ ಇಸ್ತ್ರಿಪೆಟ್ಟಿಗೆ ಮರೆತಿಟ್ಟಾಗ ಬರುವಂಥ ವಾಸನೆ ಬಂತು. ತೂತಿನ ಸುತ್ತ ಕಂದು ಬಣ್ಣದ ಉಂಗುರ ಮೂಡಿತು. ಯಾರೂ ಉಭಶುಭ ಅನ್ನುವ ಮೊದಲೇ ತಮ್ಮ ಕುರ್ಚಿಯಿಂದೆದ್ದು, ಬರಿಗೈಯಲ್ಲೇ ಶೇಡನ್ನೆತ್ತಿ ಹೊರಗಿನ ಕಲ್ಲಿನ ಮೇಲಿಟ್ಟು, ಒಳಗೆ ಬಂದು ಮತ್ತೆ ಕುರ್ಚಿಯಲ್ಲಿ ಕೂತ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಗಿಹೋಯಿತು. ಬೀಗರು ಶೇಡು ನೋಡುತ್ತ ನಿಂತಿದ್ದರು. ಟೀಚರು ನೋಡಿದ್ದು ತಮ್ಮನ ಕೈಗಳನ್ನು. ಆ ಕೈಗಳಿನ್ನೂ ಮಲಗಿಲ್ಲ ಅಂದುಕೊಂಡರು. ಅವರಿಗೆ ಹೊಸ ಹುರುಪು ಬಂತು.

"ರೇಷ್ಮೆದೇ ತಪ್ಪು," ಅಂದರು ಬೀಗರು ಕೊನೆಗೆ, ಸ್ವಲ್ಪ ಸಪ್ಪೆಯಾಗಿ. "ಹಾಲ್ ಮಾತ್ರ ಖಾಲಿ ಇಟ್ಟಿರ್ತೀನಿ."

ಗಾಜೇ ಆಗಬೇಕು ಅಂತಾಯಿತು. ಗಾಜೆಂದರೆ ಅಳತೆ ಸರಿಯಿರಬೇಕು. ಅಳತೆಪಟ್ಟಿಯ ಮೇಲೆ ಟೀಚರಿಗೆ ನಂಬಿಕೆಯಿಲ್ಲ. ದುಂಡಗಿನದನ್ನು ದುಂಡಗಿನದರಿಂದಲೇ ಅಳೆಯಬೇಕು ಅನ್ನುವುದು ಅವರ ವಾದ. ಕಸೂತಿಯ ರಿಂಗುಗಳಿರುತ್ತವಲ್ಲ, ಒಂದರೊಳಗೊಂದು ಕೂರುವ ಎರಡು ಮರದ ಬಳೆಗಳು, ನಡುವೆ ಬಟ್ಟೆ ಸಿಕ್ಕಿಸಿ ಬಿಗಿಯುವಂಥವು, ಅವನ್ನೆಲ್ಲ ಹರಡಿಕೊಂಡು ಕೂತರು. ಸಣ್ಣದರಿಂದ ಶುರುಮಾಡಿ ಒಂದೊಂದೇ ರಿಂಗನ್ನು ದೀಪದ ಹಿತ್ತಾಳೆ ಬಳೆಯೊಳಗೆ ಇಳಿಸಿದರು. ಒಂದು ದೊಡ್ಡ ಜೋಡಿಯ ಒಳರಿಂಗು ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಕೂತಿತು. ಇದರ ಹೊರಅಂಚಿಗೆ ಸರಿಯಾಗುವ ಗಾಜು ಸಿಕ್ಕರೆ ಗೆದ್ದ ಹಾಗೆ.

ಈಗ ಬಂತು ನೋಡಿ ಎಡವಟ್ಟು. ಕಸೂತಿ ಹಾಕುವವರಿಗೆ ಒಂದು ಅಭ್ಯಾಸವಿರುತ್ತದೆ. ಒಳರಿಂಗಿನ ಮೇಲೆ ಬಟ್ಟೆ ಹರಡುವಾಗ ಎರಡು ಕೈಯೂ ಬೇಕು, ಹೊರರಿಂಗು ಕಳೆದುಹೋಗಬಾರದು. ಅದಕ್ಕೆ ಅದನ್ನು ತೋಳಿಗೆ ಏರಿಸಿಕೊಂಡಿರುತ್ತಾರೆ. ಟೀಚರು ಜೀವನವಿಡೀ ಹಾಗೇ ಮಾಡಿದವರು. ಇವತ್ತೂ ಹೊರರಿಂಗು ತನ್ನಷ್ಟಕ್ಕೆ ತಾನೇ ಹೆಗಲೇರಿ ಕೂತಿತ್ತು. ಅಳತೆ ಸಿಕ್ಕ ಸಂಭ್ರಮದಲ್ಲಿ ಅವರು ಚೀಲ ಹಿಡಿದು, ಚಪ್ಪಲಿ ಮೆಟ್ಟಿ, ಹೆಗಲ ಮೇಲಿನ ರಿಂಗನ್ನು ತಟ್ಟಿ ನೋಡಿಕೊಂಡು, ಇದೆ ಅಂತ ಸಮಾಧಾನಪಟ್ಟುಕೊಂಡು ಹೊರಟೇಬಿಟ್ಟರು. ಒಳರಿಂಗು ಮೇಜಿನ ಮೇಲೇ ಉಳಿಯಿತು.

ಹಳೇ ಸಾಮಾನಿನ ಬೀದಿಯಲ್ಲಿ ಬಾಗಿಲಿಲ್ಲದ ಬೀರು, ಬೀರುವಿಲ್ಲದ ಬಾಗಿಲು, ಮುಳ್ಳಿಲ್ಲದ ಗಡಿಯಾರ ಎಲ್ಲ ಸಿಗುತ್ತಿದ್ದವು. ಗಾಜಿನ ಸಾಮಾನಿದ್ದದ್ದು ತುದಿಯ ಅಂಗಡಿಯಲ್ಲಿ. ಅಂಗಡಿಯಾಕೆ ಸ್ಟೂಲಿನಿಂದ ಏಳುವವಳೇ ಅಲ್ಲ, ಧೂಳು ಹೊಡೆಯುವ ಕೋಲಿನಲ್ಲೇ ತೋರಿಸುವಳು.

"ಹೆಗಲ ಮೇಲೆ ಏನದು?" ಅಂದಳು.

"ಅಳತೆ."

"ಆನೆಗೆ ಬಳೆ ತೊಡಿಸ್ತೀರೇನೋ ಅಂದ್ಕೊಂಡೆ. ಹುಡುಕ್ಕೊಳ್ಳಿ. ಒಡೆದದ್ದು ನಿಮ್ಮದು, ಒಡೆಯದ್ದು ನನ್ನದು."

ಟೀಚರು ಸೆರಗು ಸಿಕ್ಕಿಸಿ ಕೆಲಸಕ್ಕಿಳಿದರು. ಹೂವಿನಂತೆ ಅರಳಿದ ಶೇಡುಗಳಿದ್ದವು, ಆದರೆ ಬಲ್ಬಿನವು, ಕುತ್ತಿಗೆ ಸಪೂರ. ನೀಲಿ ಗಾಜಿನದೊಂದು ಕಣ್ಣಿಗೆ ಹಬ್ಬದ ಹಾಗಿತ್ತು, ಉಗುರಿನಿಂದ ಬಡಿದರೆ ಟಿಣ್ ಅನ್ನದೆ ಟಕ್ ಅಂದಿತು. ಎಲ್ಲೋ ಕಾಣದ ಬಿರುಕಿದೆ ಅಂತ ಅರ್ಥ. ಹಿಂದೆ ಇಟ್ಟರು. ಒಂದು ಅಂಗೈಯಗಲದ್ದು, ಇನ್ನೊಂದು ಛತ್ರಿಯಗಲದ್ದು. ಬೆನ್ನು ನೋವು ಶುರುವಾಯಿತು, ಧೂಳಿಗೆ ಸೀನು ಶುರುವಾಯಿತು, ನೂರೆಂಟು ಬಲ್ಬುಗಳ ತೂಗುದೀಪ ಮನಸ್ಸಿನಲ್ಲಿ ತೂಗಾಡತೊಡಗಿತು.

ಸೋತು ಕೈ ಚೆಲ್ಲಿ ಕೂತಾಗ, ಅಂಗಡಿಯಾಕೆಯ ಸ್ಟೂಲಿನ ಪಕ್ಕದಲ್ಲಿ ಎರಡು ದೊಡ್ಡ ಬೋಗುಣಿಗಳು ಕಂಡವು. ಒಂದರ ತುಂಬ ಹಳೇ ಕೀಲಿಗಳು, ಇನ್ನೊಂದರ ತುಂಬ ಅಂಗಿಯಿಲ್ಲದ ಗುಂಡಿಗಳು. ಹಾಲಿನಂಥ ಬಿಳಿ ಗಾಜು. ಬೋಗುಣಿಯ ಕೆಳಗೆ ತಟ್ಟೆ ಯಾಕಿಟ್ಟಿದ್ದಾಳೆ? ತಳದಲ್ಲಿ ತೂತಿದ್ದರೆ ತಾನೇ ತಟ್ಟೆ ಬೇಕು?

"ಅಮ್ಮಾ, ನೀವು ಶೇಡನ್ನ ತಲೆಕೆಳಗಾಗಿಟ್ಟು ಕೀಲಿ ತುಂಬಿದ್ದೀರಿ!"

"ಹೌದಾ? ನಮ್ಮತ್ತೆ ಕಾಲದಿಂದ ಹೀಗೇ ಇದೆ."

ಕೀಲಿ ಸುರಿದು, ಗುಂಡಿ ಸುರಿದು, ಸೆರಗಿನಲ್ಲಿ ಒರೆಸಿದರು. ಮುಷ್ಟಿ ತೂರಿಸಿದರು, ಸಲೀಸಾಗಿ ಹೋಯಿತು. ಉಗುರಿನಿಂದ ಬಡಿದರು, ಅಂಗಡಿಯಿಡೀ ಟಿಣ್ ಅಂದಿತು. ಹೆಗಲಿನಿಂದ ರಿಂಗು ತೆಗೆದು ಅಂಚಿಗೆ ಅಂಚು ಕೂಡಿಸಿದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ! ಎರಡನೆಯದೂ ಹಾಗೇ. ಇದರ ಬಿಳುಪು ಒಂದು ಚೂರು ಹಳದಿಗೆ ತಿರುಗಿತ್ತು, ಬಿಸಿಲಲ್ಲಿ ಓಡಾಡಿದ ತಂಗಿಯ ಹಾಗೆ. ಟೀಚರು ರಿಂಗನ್ನು ಮತ್ತೆ ಹೆಗಲಿಗೇರಿಸಿಕೊಂಡು ಅಂಗಡಿಯ ನಡುವೆಯೇ ಒಂದು ಸುತ್ತು ತಿರುಗಿದರು. ಕುಣಿದರು ಅಂತಲೇ ಅನ್ನಬಹುದು, ನೋಡಿದವಳು ಅಂಗಡಿಯಾಕೆ ಒಬ್ಬಳೇ.

ಬಸ್ಸಿನಲ್ಲಿ ಎರಡನ್ನೂ ಹಳೇ ದುಪ್ಪಟಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಕಂಡಕ್ಟರು ಇಣುಕಿ, ಅವಳಿ ಮಕ್ಕಳೆಂದುಕೊಂಡು, ಮುಂದಿನ ಸೀಟಿನವನನ್ನು ಎಬ್ಬಿಸಿ ಕಿಟಕಿ ಪಕ್ಕ ಜಾಗ ಮಾಡಿಕೊಟ್ಟ. ಟೀಚರು ಬೇಡ ಅನ್ನಲಿಲ್ಲ. ದಾರಿಯುದ್ದಕ್ಕೂ ದುಪ್ಪಟಿಯನ್ನು ಮೆಲ್ಲಗೆ ತಟ್ಟುತ್ತಲೇ ಬಂದರು.

ಮನೆಗೆ ಬಂದು, ತಮ್ಮನನ್ನೂ ಹುಡುಗಿಯನ್ನೂ ಮೇಜಿನ ಹತ್ತಿರ ಕರೆದು, ದುಪ್ಪಟಿ ಬಿಚ್ಚಿ, ಮೊದಲನೆಯ ಶೇಡನ್ನು ಎರಡು ಕೈಯಲ್ಲಿ ಹಿಡಿದು ಬಳೆಯ ಮೇಲಿಳಿಸಿದರು. ಅದು ಬಳೆಯೊಳಗೆ ಕೂರಲಿಲ್ಲ. ಅಂಚಿನ ಮೇಲೆ ನಿಂತು ಕುಡಿದವನ ಹಾಗೆ ಓಲಾಡಿತು. ತಿರುಗಿಸಿ ಇಟ್ಟರು, ಓಲಾಡಿತು. ಎರಡನೆಯದನ್ನಿಟ್ಟರು, ಅದೂ ಓಲಾಡಿತು.

"ಅಳತೆ ಸರೀಗಿತ್ತು," ಅಂದರು ಟೀಚರು. "ನಾನೇ ನೋಡಿದೆ. ಕೂದಲೆಳೆ ವ್ಯತ್ಯಾಸ ಇರಲಿಲ್ಲ."

ನಾಳೆ ಬೀಗರು ನೋಡಲು ಬರುತ್ತಾರೆ, ನಾಡಿದ್ದು ಊಟ. ಅವರು ಕುರ್ಚಿಯಲ್ಲಿ ಕುಸಿದರು. ಹುಡುಗಿ ಬಂದು ಬೆನ್ನು ಸವರಿ, "ಹೋಗ್ಲಿ ಬಿಡಿ ಅತ್ತೆ, ಹಾಲಲ್ಲೇ ಆಗ್ಲಿ," ಅಂದದ್ದು ಇನ್ನೂ ಕೆಟ್ಟದಾಗಿ ನಾಟಿತು.

ತಮ್ಮ ಮೇಜಿನ ಮೇಲಿದ್ದ ಒಳರಿಂಗನ್ನು ಎತ್ತಿ ನೋಡಿದ. ಅಕ್ಕನ ಹೆಗಲನ್ನು ನೋಡಿದ. ಮತ್ತೆ ರಿಂಗನ್ನು ನೋಡಿದ. ಅವನ ಮೀಸೆ ಅದುರತೊಡಗಿತು.

"ಅಕ್ಕಾ," ಅಂದ, "ಅಳತೆ ಮನೇಲಿ ಬಿಟ್ಟು, ಅದರ ಅಂಗಿ ಹಾಕ್ಕೊಂಡು ಹೋಗಿದ್ದೀಯಲ್ಲೇ!"

ಹಾಗಂದವನೇ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು. ಟೀಚರು ಹೆಗಲಿನ ರಿಂಗನ್ನು ಮುಟ್ಟಿ ನೋಡಿಕೊಂಡು, ಅಯ್ಯೋ ಅಂತ ತಲೆ ಚಚ್ಚಿಕೊಂಡರು. ಅಳು ಬರಬೇಕಾದ ಜಾಗದಲ್ಲಿ ಅವರಿಗೂ ನಗು ಬಂತು. ಈ ನಗು ಕೇಳಲು ಇನ್ನೆರಡು ಸಲ ತಪ್ಪು ಅಳತೆ ಬೇಕಾದರೂ ತರುತ್ತಿದ್ದರು.

"ನಾಳೆ ಬೆಳಗ್ಗೆ ವಾಪಸ್ ಕೊಟ್ಟು ಬರ್ತೀನಿ," ಅಂದರು ಕಣ್ಣೊರೆಸಿಕೊಂಡು.

ತಮ್ಮ ಶೇಡನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಿದ್ದ. ಉಗುರಿನಿಂದ ಬಡಿದ. ಕಿವಿಗೊಟ್ಟ. "ಇಂಥ ಗಾಜನ್ನ ಯಾರಾದ್ರೂ ವಾಪಸ್ ಕೊಡ್ತಾರಾ?" ಅಂದ. "ಶೇಡನ್ನ ಚಿಕ್ಕದು ಮಾಡಕ್ಕಾಗಲ್ಲ. ಬಳೆ ದೊಡ್ಡದು ಮಾಡಬಹುದಲ್ಲ."

ಎಲ್ಲರೂ ಇಷ್ಟು ದಿನ ದೀಪಕ್ಕೆ ಶೇಡು ಹುಡುಕಿದ್ದರು. ಶೇಡಿಗೆ ದೀಪವನ್ನು ಹೊಂದಿಸಬಹುದು ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ತಮ್ಮ ಎದ್ದು ಮುಂಗಡೆಗೆ ಹೋದ. ಅಂಗಡಿಯ ಷಟರು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಏಳಲಿಲ್ಲ. ಹುಡುಗಿ ಎಣ್ಣೆ ತಂದಳು, ಟೀಚರು ಒಂದು ಕಡೆ ಹಿಡಿದರು, ಮೂವರೂ ಸೇರಿ ಐಸಾ ಅಂದಾಗ ಅದು ಕಿರುಚಿಕೊಂಡು ಮೇಲೆ ಹೋಯಿತು. ಅವತ್ತು ರಾತ್ರಿಯವರೆಗೂ ಅವನು ಕಸ ಗುಡಿಸಿದ, ಅರಗಳನ್ನು ಒರೆಸಿದ, ಹಿತ್ತಾಳೆ ಪಟ್ಟಿ ಆರಿಸಿದ. ಊಟಕ್ಕೆ ಕರೆದರೆ "ತಡಿ" ಅಂದ. ತಡಿ! ಟೀಚರು ಆ ಮಾತನ್ನು ಹಬೆಯಾಡುವ ಪಾತ್ರೆಯ ಮುಂದೆ ನಿಂತು ತಮ್ಮಷ್ಟಕ್ಕೆ ಎರಡು ಸಲ ಹೇಳಿಕೊಂಡರು.

ಮರುದಿನ ಮಧ್ಯಾಹ್ನ ಗರಿಗರಿ ಬಿಳಿ ಅಂಗಿ ತೊಟ್ಟು ಬೀಗರು ಬಂದಾಗ ಅಂಗಡಿಯಲ್ಲಿ ಬೆಸುಗೆಗೆ ಬೆಂಕಿ ಉಗುಳುವ ಬ್ಲೋ ಲ್ಯಾಂಪು ಬುಸುಗುಟ್ಟುತ್ತಿತ್ತು. ಹಿತ್ತಾಳೆ ಪಟ್ಟಿ ಬಳೆಯಾಗಿ ಬಗ್ಗಿತ್ತು, ತುದಿಗಳನ್ನು ಕೂಡಿಸಬೇಕಿತ್ತು. ಕೂಡಿಸಲು ಇನ್ನೊಂದು ಜೊತೆ ಕೈ ಬೇಕಿತ್ತು.

"ಬೀಗರೇ, ಏನಿದು..."

"ಇದನ್ನ ಹಿಡ್ಕೊಳ್ಳಿ," ಅಂದ ತಮ್ಮ, ಇಕ್ಕಳ ಕೊಟ್ಟು.

ಬೀಗರು ಹಿಡಿದುಕೊಂಡರು. ಪೇಟೆಯ ತಮ್ಮದೇ ಅಂಗಡಿಯಲ್ಲಿ ಅವರಿಗೆ ಹೀಗೆ ಅಪ್ಪಣೆ ಕೊಡುವವರು ಯಾರೂ ಇರಲಿಲ್ಲ. ಆಶ್ಚರ್ಯಕ್ಕೇ ಹಿಡಿದುಕೊಂಡರು ಅಂತ ಕಾಣುತ್ತದೆ.

"ಸೀಸದ ಬೆಸುಗೆ ಹಾಕಿದ್ರೆ ಬೇಗ ಆಗಲ್ವಾ?"

"ದೀಪದ ಕಾವಿಗೆ ಕರಗಿ, ಶೇಡು ನಿಮ್ಮ ತಟ್ಟೆಗೆ ಬೀಳುತ್ತೆ. ಹಿತ್ತಾಳೆ ಬೆಸುಗೆನೇ ಬೇಕು. ಅಲುಗಾಡಬೇಡಿ."

"ನಾನೆಲ್ಲಿ ಅಲುಗಾಡಿದೆ?"

"ಮಾತಾಡಿದ್ರೆ ಅಲುಗಾಡ್ತೀರಿ."

ಝಗಮಗ ಬೀಗರು ತುಟಿಪಿಟಕ್ಕೆನ್ನದೆ, ಉಸಿರು ಬಿಗಿಹಿಡಿದು, ಕಣ್ಣು ದೊಡ್ಡದು ಮಾಡಿಕೊಂಡು ನಿಂತ ಆ ದೃಶ್ಯವನ್ನು ಟೀಚರು ಬಾಗಿಲಿಂದ ಕಣ್ತುಂಬ ನೋಡಿದರು. ಬೆಸುಗೆ ನೀರಾಗಿ ಸಂದಿಯೊಳಗೆ ಹರಿದಾಗ ಬೀಗರ ಬಾಯಿಂದ "ಆಹಾ" ಅನ್ನುವ ಒಂದು ಉದ್ಗಾರ ಹೊರಬಿತ್ತು. ಕಿಡಿ ಹಾರಿ ಬಿಳಿ ತೋಳಿನಲ್ಲಿ ತೂತಾದದ್ದು ಅವರ ಗಮನಕ್ಕೇ ಬರಲಿಲ್ಲ. ಎರಡನೇ ಬಳೆಗೆ ಅವರೇ ತೋಳು ಮಡಚಿಕೊಂಡು ಮುಂದೆ ಬಂದರು. ಗಲ್ಲಾಪೆಟ್ಟಿಗೆ ಹಿಂದೆ ಕೂತು ಕೂತು ಕೈಗೆ ಜಡ್ಡು ಹಿಡಿದಿದೆ, ಹುಡುಗನಾಗಿದ್ದಾಗ ಮೋಟಾರಿಗೆ ತಂತಿ ಸುತ್ತುತ್ತಿದ್ದೆ ಅಂತ ಹೇಳಿಕೊಂಡರು. "ಈಗ ಮಾತಾಡಬಹುದು," ಅಂತ ತಮ್ಮ ಅನುಮತಿ ಕೊಟ್ಟ ಮೇಲೆಯೇ ಹೇಳಿದರು ಅನ್ನಿ.

ಮೊದಲ ಸಲ ಗಾಜು ಬಿಗಿಯಾಯಿತು. ತಮ್ಮ ಸುತ್ತಲೂ ಅರದಿಂದ ಉಜ್ಜಿದ. ಬಿಸಿಗೆ ಗಾಜು ಹಿಗ್ಗುತ್ತದೆ, ಅದಕ್ಕೆ ಮೈ ಸಡಿಲಿಸಲು ಒಂದು ಕಾಗದ ತೂರುವಷ್ಟು ಜಾಗ ಬೇಕು ಅಂತ ಬೀಗರಿಗೆ ವಿವರಿಸಿದ. ಒಂದೇ ಉಸಿರಿಗೆ ಅಷ್ಟು ಮಾತು ಅವನಾಡಿ ಎಷ್ಟು ಕಾಲವಾಗಿತ್ತೋ. ಹೊತ್ತಿಳಿಯುವ ಹೊತ್ತಿಗೆ ಎರಡು ಶೇಡುಗಳೂ ಹೊಸ ಬಳೆಗಳಲ್ಲಿ ಅಲುಗದೆ ಕೂತಿದ್ದವು.

ದೀಪ ಹಚ್ಚಿದರು. ಸುಯ್ ಅನ್ನುವ ಸದ್ದು ಎದ್ದಿತು. ಹಾಲುಗಾಜಿನ ಮೂಲಕ ಬೆಳಕು ಸೋಸಿ ಬಂದು ಮೇಜಿನ ಮೇಲೆ, ಕೈಗಳ ಮೇಲೆ, ಮುಖಗಳ ಮೇಲೆ ತಣ್ಣಗೆ ಹರಡಿತು. ಯಾರೂ ಕಣ್ಣು ಕಿರಿದು ಮಾಡಲಿಲ್ಲ. ಬೀಗರು ಎದುರಿಗಿದ್ದ ಪಂಪಣ್ಣನನ್ನೇ ದಿಟ್ಟಿಸಿದರು.

"ಬೀಗರೇ, ನಿಮ್ಮ ಗದ್ದದ ಮೇಲೆ ಮಚ್ಚೆ ಇದೆ!"

"ಹುಟ್ಟಿದಾಗಿಂದ ಇದೆ."

"ನಾನು ಇವತ್ತೇ ನೋಡಿದ್ದು," ಅಂದರು ಬೀಗರು. ಆಮೇಲೆ ಟೀಚರ ಕಡೆ ತಿರುಗಿ, "ಅಕ್ಕಾವರೇ, ಹಾಲ್ ಬೇಡ," ಅಂದರು.

ಮರುದಿನ ಸಂಜೆ ಊಟಕ್ಕೆ ಮನೆ ತುಂಬಿತು. ಪಕ್ಕದ ಮನೆಯಿಂದ ಕುರ್ಚಿ ತಂದರು, ಸಾಲದೆ ಹೊ​ಲಿಗೆಯ ಪೆಟ್ಟಿಗೆಯ ಮೇಲೂ ಒಬ್ಬರು ಕೂತರು. ಮೇಜಿನ ತುದಿಯಲ್ಲಿ ತಮ್ಮ, ಮಗ್ಗುಲಲ್ಲಿ ಮಗಳು, ಅಳಿಯ. ಆಗಾಗ ಅವನು ಕೈ ಚಾಚಿ ದೀಪಕ್ಕೆ ನಾಲ್ಕು ಪಂಪು ಹೊಡೆಯುವನು, ಬೆಳಕು ಒಂದು ಮೆಟ್ಟಿಲು ಏರುವುದು, ಎಲ್ಲರ ಮಾತೂ ಜೊತೆಗೇ ಏರುವುದು. ಬಂದವರೆಲ್ಲ ದೀಪದ ಬಗ್ಗೆ ಕೇಳಿದರು. ಅವನು ಎಲ್ಲರಿಗೂ ಉತ್ತರ ಕೊಟ್ಟ, ಕೇಳದವರಿಗೂ ಕೊಟ್ಟ. ತೂತು ಬಿದ್ದ ಬಿಳಿ ಅಂಗಿಯನ್ನೇ ಮತ್ತೆ ತೊಟ್ಟು ಬಂದಿದ್ದ ಬೀಗರು ಆ ತೂತನ್ನು ಎಲ್ಲರಿಗೂ ತೋರಿಸಿದರು.

ಊಟ ಮುಗಿಯುತ್ತ ಬಂದಾಗ ಬೀಗರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಒಂದು ಮಾತು. ನಾನು ಇಷ್ಟು ವರ್ಷ ದೀಪ ಮಾರಿದ್ದೀನಿ, ಇಂಥ ಬೆಳಕು ಮಾರಿಲ್ಲ. ಈ ಜೋಡಿ ದೀಪ ಈ ಮನೇಲಿ ಅವಿತ್ಕೊಂಡಿರಬಾರದು. ನಮ್ಮ ಅಂಗಡಿ ಮುಂದಿನ ಗಾಜಿನ ಕಪಾಟಿನಲ್ಲಿ, ಮೆತ್ತೆ ಹಾಸಿ, ಸುತ್ತ ಲೈಟು ಬಿಟ್ಟು ಇಡ್ತೀನಿ. ಊರೆಲ್ಲ ನೋಡ್ಲಿ. ಬೀಗರ ಹೆಸರು ದೊಡ್ಡಕ್ಷರದಲ್ಲಿ ಬರೆಸ್ತೀನಿ. ಏನಂತೀರಿ ಬೀಗರೇ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಬಡಿಸುತ್ತಿದ್ದ ಟೀಚರ ಕೈ ನಿಂತಿತು. ಪ್ರೀತಿಯಿಂದ ಕೇಳುತ್ತಿದ್ದಾರೆ, ಎಲ್ಲರೆದುರು ಕೇಳುತ್ತಿದ್ದಾರೆ, ಮಗಳು ಹೋಗುವ ಮನೆಯವರು ಕೇಳುತ್ತಿದ್ದಾರೆ. ತಮ್ಮನ ತುಟಿಯ ಮೇಲೆ ಆ ಹಾಳು ಮಾತು ಬರುವುದನ್ನು ಅವರು ಕಾದು ನಿಂತರು.

ತಮ್ಮ ಅವಸರ ಮಾಡಲಿಲ್ಲ. ದೀಪದ ಕಡೆ ಬಾಗಿ ಪಂಪು ಹೊಡೆದ. ಬೆಳಕು ಏರಿದ ಮೇಲೆ ತಲೆಯೆತ್ತಿದ.

"ಆಗಲ್ಲ, ಬೀಗರೇ."

ಅವನು ಪಂಪಿನಿಂದ ಕೈ ತೆಗೆದ.

"ಇವು ನೋಡೋ ದೀಪ ಅಲ್ಲ," ಅಂದ ಅವನು, "ಊಟ ಮಾಡೋ ದೀಪ. ಇಲ್ಲೇ ಇರುತ್ತೆ. ನಿಮಗೆ ನೋಡ್ಬೇಕು ಅನ್ನಿಸಿದಾಗ ಊಟಕ್ಕೆ ಬನ್ನಿ. ಮಗಳನ್ನೂ ಕರ್ಕೊಂಡು ಬನ್ನಿ."

ಬೀಗರು ಮೇಜಿನ ಮೇಲೊಂದು ಗುದ್ದು ಹಾಕಿ, ಶೇಡುಗಳು ಟಿಣ್ ಅನ್ನುವ ಹಾಗೆ ನಕ್ಕರು. "ಯಾವತ್ತು ಬರ್ಲಿ, ಅದನ್ನ ಹೇಳಿ!"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಟೀಚರು ಮಾತ್ರ ಸೌಟು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಎರಡು ಕಣ್ಣಿಂದಲೂ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಇಷ್ಟು ಸಂತೋಷ ತಮಗೆ ಯಾವತ್ತೂ ಆಗಿರಲಿಲ್ಲ ಅಂತ ಅವರಿಗೆ ಅನಿಸಿತು, ಅದು ನಿಜವೂ ಆಗಿತ್ತು.

"ಏನಾಯ್ತು ಅತ್ತೆ?" ಅಂದಳು ಹುಡುಗಿ.

"ಏನಿಲ್ಲ ಕಣೇ. ಈ ದೀಪದ ಬೆಳಕು, ಕಣ್ಣಿಗೆ ಚುಚ್ಚುತ್ತೆ."

"ಶೇಡಿದೆಯಲ್ಲ ಅತ್ತೆ," ಅಂದಳು ಹುಡುಗಿ.

ಟೀಚರು ಬೇರೆ ನೆಪ ಹುಡುಕಲಿಲ್ಲ.